ಕೊಳೆ ಔಷಧಿಯ ಸರದಿ ಪುಸ್ತಕ: ಕೋಡ್ ಬಾರದವಳು ಕಟ್ಟಿದ ವ್ಯವಸ್ಥೆಯ ದಾಖಲೆ

ತೀರ್ಥಹಳ್ಳಿಯಲ್ಲಿ ನಮ್ಮದು ಗೊಬ್ಬರ ಮತ್ತು ತೋಟದ ಸಾಮಗ್ರಿಗಳ ಅಂಗಡಿ. ಮೇ ತಿಂಗಳ ನಡುವಿನಿಂದ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಮತ್ತು ರಾಳ ಕೊಳ್ಳಲು ಬರುವ ಅಡಿಕೆ ಬೆಳೆಗಾರರು ಚೀಲವನ್ನು ಗಾಡಿಗೆ ಹಾಕಿಸಿದ ಮೇಲೂ ಹೊರಡುವುದಿಲ್ಲ, "ಔಷಧಿ ಹೊಡೆಯೋರು ಯಾರಾದ್ರೂ ಸಿಗ್ತಾರಾ?" ಎಂದು ಕೇಳಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದೇ ವಾರ ಕೊಳೆರೋಗದ ಔಷಧಿ ಹೊಡೆಯುವ ತಂಡದವರೂ ಬಂದು "ಅಕ್ಕಾ, ಯಾವ ಕಡೆ ಕೆಲ್ಸ ಇದೆ?" ಎಂದು ಕೇಳುತ್ತಾರೆ. ಇಬ್ಬರೂ ನಮ್ಮ ಅಂಗಡಿಯ ಕಟ್ಟೆಯ ಮೇಲೆಯೇ ನಿಂತಿದ್ದರೂ ಒಬ್ಬರಿಗೊಬ್ಬರು ಸಿಗದೆ ಹೋಗುವುದನ್ನು ವರ್ಷಗಟ್ಟಲೆ ನೋಡಿದ ನಾನು 2022ರಲ್ಲಿ ಅದಕ್ಕೊಂದು ವ್ಯವಸ್ಥೆ ಮಾಡಲು ಹೊರಟೆ. 2023ರಲ್ಲಿ ಅದು ಕುಸಿಯಿತು. 2024ರಲ್ಲಿ ಬೇರೆ ರೀತಿಯಲ್ಲಿ ಮತ್ತೆ ಕಟ್ಟಿದೆ, 2025ರ ಮಳೆಗಾಲ ಅದನ್ನು ಪರೀಕ್ಷೆಗೆ ಒಡ್ಡಿತು. ನಾನು ಓದಿದ್ದು ಬಿ.ಕಾಂ.; ಕೋಡ್ ಬರೆಯಲು ಅಂದೂ ಬರುತ್ತಿರಲಿಲ್ಲ, ಇಂದೂ ಬರುವುದಿಲ್ಲ. ತಂತ್ರಾಂಶದ ಮೇಲೆ ನಿಂತ ಉದ್ಯಮವೊಂದನ್ನು ಕಟ್ಟಬೇಕೆಂದಿರುವ, ಆದರೆ ನನ್ನಂತೆಯೇ ತಂತ್ರಜ್ಞಾನದ ಹಿನ್ನೆಲೆಯಿಲ್ಲದ ನಮ್ಮ ಕಡೆಯವರಿಗೆ ಉಪಯೋಗವಾಗಲೆಂದು ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು, ಏಕೆಂದರೆ ಮುಂದಿನ ತಪ್ಪುಗಳೆಲ್ಲ ಅದನ್ನು ಸರಿಯಾಗಿ ವಿವರಿಸದೆ ಇದ್ದುದರಿಂದಲೇ ಆದವು. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೋಪ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. ಬಿಡದೆ ಸುರಿಯುವ ಮಳೆಯಲ್ಲಿ ಅದು ಕೊನೆಯಿಂದ ಕೊನೆಗೆ (ಅಡಿಕೆಯ ಗೊನೆಯಿಂದ ಗೊನೆಗೆ) ಹರಡಿ ಎಳೆಗಾಯಿಗಳನ್ನು ಕೊಳೆಸಿ ಉದುರಿಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಈ ರೋಗದ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಕೊನೆಗಳ ಮೇಲೆ ಸಿಂಪಡಿಸುವ ಪದ್ಧತಿ ಆ ಕಾಲದಿಂದ ಮಲೆನಾಡಿನಲ್ಲಿ ಬೇರೂರಿದೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು ಮತ್ತು 1 ಕೆ.ಜಿ. ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಕಲಕುತ್ತಾ ಸುರಿಯಬೇಕು. ಹದ ತಿಳಿಯಲು ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಲಸಿದ ದ್ರಾವಣವನ್ನು ಅಂದೇ ಹೊಡೆದು ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾಗಿ 40–45 ದಿನಗಳಿಗೆ. ಅಂದರೆ ಇಡೀ ತಾಲ್ಲೂಕಿನ ತೋಟಗಳಿಗೆ ಒಂದೇ ಹದಿನೈದು ದಿನಗಳಲ್ಲಿ ಅದೇ ಕೆಲವು ತಂಡಗಳು ಬೇಕಾಗುತ್ತವೆ.

ಪುಸ್ತಕ, 2022

ಮೊದಲ ವರ್ಷ ಒಂದು ಉದ್ದ ಪುಸ್ತಕ ಮತ್ತು ಅಂಗಡಿಯ ಫೋನು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಸರು, ಊರು, ಫೋನ್ ನಂಬರು, ಎಕರೆ, ತಾರೀಖು ಎಂದು ಐದು ಕಾಲಂ ಗೆರೆ ಎಳೆದುಕೊಂಡೆ. ಒಂದು ವಾರ ಕಳೆಯುವಷ್ಟರಲ್ಲಿ "ಎಕರೆ" ಎಂಬ ಕಾಲಂ ಕೆಲಸಕ್ಕೆ ಬಾರದೆಂದು ಗೊತ್ತಾಯಿತು. ಒಂಬತ್ತಡಿ ಅಂತರದಲ್ಲಿ ನೆಟ್ಟ ಹೊಸ ತೋಟದಲ್ಲಿ ಎಕರೆಗೆ ಸುಮಾರು 540 ಮರ ಹಿಡಿಯುತ್ತವೆ ಎಂಬ ಲೆಕ್ಕ ಸರಿಯೇ. ಆದರೆ ಅಜ್ಜನ ಕಾಲದ ತೋಟಗಳಲ್ಲಿ ಸಾಲು ಸರಿಯಿಲ್ಲ, ಸತ್ತ ಮರದ ಜಾಗಕ್ಕೆ ಹಾಕಿದ ಸಸಿ ಇನ್ನೂ ಫಸಲಿಗೆ ಬಂದಿಲ್ಲ, ಒಂದು ಬಣ್ಣದಲ್ಲಿ (ತೋಟದ ಒಂದು ಪಟ್ಟಿಯಲ್ಲಿ) ಮರ ಒತ್ತಾಗಿದ್ದರೆ ಪಕ್ಕದ ಬಣ್ಣ ಅರ್ಧ ಖಾಲಿ. ತಂಡದವರು ಎಕರೆಯನ್ನು ಕೇಳುವುದೇ ಇಲ್ಲ, "ಎಷ್ಟು ಡ್ರಮ್ ಆಗುತ್ತೆ?" ಎಂದು ಕೇಳುತ್ತಾರೆ. ತೋಟದವರಿಗೂ ಹೋದ ವರ್ಷ ಎಷ್ಟು ಡ್ರಮ್ ಔಷಧಿ ಹೋಗಿತ್ತೆಂಬುದು ಬಾಯಲ್ಲೇ ಇರುತ್ತದೆ. ಎಕರೆ ಎಂಬುದನ್ನು ಹೊಡೆದುಹಾಕಿ "200 ಲೀಟರ್ ಡ್ರಮ್" ಎಂದು ಬರೆದೆ. ಆ ಒಂದು ತಿದ್ದುಪಡಿಯಿಂದ ಮೂರು ಲೆಕ್ಕಗಳು ಒಟ್ಟಿಗೆ ಸಿಕ್ಕವು: ತಂಡಕ್ಕೆ ಎಷ್ಟು ಹೊತ್ತಿನ ಕೆಲಸ, ಕೂಲಿ ಎಷ್ಟು, ಮತ್ತು ಡ್ರಮ್ಮಿಗೆ 2 ಕೆ.ಜಿ. ತುತ್ತ, 2 ಕೆ.ಜಿ. ಸುಣ್ಣದಂತೆ ನಾನು ಎಷ್ಟು ಸಾಮಗ್ರಿ ಕಳಿಸಬೇಕು ಎಂಬುದು.

ಎರಡನೆಯ ತಿದ್ದುಪಡಿ ವಿಳಾಸದ್ದು. ನಮ್ಮ ಕಡೆ ಮನೆ ನಂಬರು ಹಿಡಿದು ಯಾರೂ ಬರುವುದಿಲ್ಲ. ಮೇಲಿನಮನೆ, ಕೆಳಗಿನಮನೆ, ಕೆರೆಕೋಡಿ ಎಂಬ ಹೆಸರಿನ ಮನೆಗಳು ಹತ್ತು ಊರಿನಲ್ಲೂ ಇವೆ. ತಂಡದ ಮೇಸ್ತ್ರಿ ಪ್ರತಿ ಸಲವೂ ನನಗೆ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಪಿಕಪ್ ಎಲ್ಲಿಯವರೆಗೆ ಹೋಗುತ್ತದೆ, ನೀರು ಎಲ್ಲಿದೆ. ಪಂಪನ್ನೂ ಪೈಪನ್ನೂ ಹೊತ್ತುಕೊಂಡು ಎಷ್ಟು ದೂರ ಇಳಿಯಬೇಕೆಂಬುದು ಅವರ ಪಾಲಿಗೆ ವಿಳಾಸಕ್ಕಿಂತ ದೊಡ್ಡ ವಿಷಯ. ಹಾಗಾಗಿ "ಪಿಕಪ್ ನಿಲ್ಲುವ ಜಾಗ" ಮತ್ತು "ನೀರು" ಎಂಬ ಎರಡು ಕಾಲಂ ಹೆಚ್ಚಿದವು.

ತಾರೀಖಿನ ಕಾಲಂ ಮಾತ್ರ ಗೀಚಿ ಗೀಚಿ ಕಪ್ಪಾಗಿ ಹೋಗಿತ್ತು. ಒಬ್ಬರ ಸಾಲಿನಲ್ಲಿ ಐದು ತಾರೀಖು ಹೊಡೆದು ಆರನೆಯದನ್ನು ಅಂಚಿನಲ್ಲಿ ಬರೆದಿದ್ದೆ. ಅದು ನನ್ನ ಅಚ್ಚುಕಟ್ಟಿನ ಕೊರತೆಯೆಂದು ಆಗ ತಿಳಿದೆ. ಆ ಗೀಚುಗಳನ್ನು ಕೂತು ಓದಿದ್ದರೆ ಮುಂದಿನ ವರ್ಷದ ನಷ್ಟ ತಪ್ಪುತ್ತಿತ್ತು.

ಆ್ಯಪ್, 2023

ಪುಸ್ತಕದಲ್ಲಿ ಮೊದಲ ವರ್ಷವೇ ನೂರಕ್ಕೂ ಹೆಚ್ಚು ತೋಟಗಳ ಹೆಸರು ಸೇರಿದಾಗ ಇದಕ್ಕೊಂದು ಆ್ಯಪ್ ಬೇಕೆನ್ನಿಸಿತು. ಬೆಂಗಳೂರಿನ ಒಂದು ಸಣ್ಣ ಕಂಪನಿಯನ್ನು ಪರಿಚಯದವರ ಮೂಲಕ ಹಿಡಿದೆ. ಮೊದಲ ಮೀಟಿಂಗಿನಲ್ಲಿ ಅವರು "ಯಾವ ಆ್ಯಪ್ ತರಹ ಬೇಕು ಮೇಡಂ?" ಎಂದು ಕೇಳಿದರು. ಟ್ಯಾಕ್ಸಿ ಕರೆಸುವ ಆ್ಯಪ್ ಇದ್ದ ಹಾಗೆ ಎಂದು ಹೇಳಿದೆ. ಉದ್ದ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಅದನ್ನು ತೆಗೆದು ತೋರಿಸಲಿಲ್ಲ, ಇಂಥ ಕಂಪನಿಯ ಮೇಜಿನ ಮೇಲೆ ಅಂಥದ್ದನ್ನು ಇಡುವುದು ಸರಿಯಲ್ಲವೆಂದು ಭಾವಿಸಿದೆ. ಕೋಡ್ ಬಾರದ ಉದ್ಯಮಿಯ ಬಳಿ ಇರುವ ಬಂಡವಾಳವೆಂದರೆ ಕೆಲಸದ ಬಗೆಗಿನ ನಿಖರವಾದ ಅರಿವು: ಯಾವುದನ್ನು ಯಾವ ಅಳತೆಯಲ್ಲಿ ಎಣಿಸುತ್ತಾರೆ, ಒಂದು ಕೆಲಸ ಯಾವ ಯಾವ ಹಂತದಲ್ಲಿ ನಿಲ್ಲುತ್ತದೆ, ಯಾರು ಯಾರನ್ನು ಯಾವಾಗ ಕೇಳುತ್ತಾರೆ ಎಂಬುದು. ಅದನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಬೇರೆಯವರ ಉದ್ಯಮದ ನಕಲನ್ನು ಕೇಳಿದೆ.

ಅವರು ಮೂರು ತಿಂಗಳಲ್ಲಿ ಆ್ಯಪ್ ಕೊಟ್ಟರು, ನೋಡಲು ಚೆನ್ನಾಗಿಯೇ ಇತ್ತು. ತಾರೀಖನ್ನೂ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದನ್ನೂ ಆರಿಸಿ, ಡ್ರಮ್ಮಿಗೆ 200 ರೂಪಾಯಿಯಂತೆ ಮುಂಗಡ ಕಟ್ಟಿದರೆ ಬುಕಿಂಗ್ ಆಗುತ್ತಿತ್ತು. ಮೇ ಕೊನೆಯ ಹೊತ್ತಿಗೆ ಜೂನ್ ಮೊದಲ ಹತ್ತು ದಿನಗಳ ಕ್ಯಾಲೆಂಡರ್ ತುಂಬಿತ್ತು.

ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡವಾಗಿ; ಬಂದ ಮೇಲೂ ಜೂನ್ ಪೂರ್ತಿ ನಮ್ಮಲ್ಲಿ ಮಳೆ ಸರಿಯಾಗಿ ಹಿಡಿಯಲಿಲ್ಲ. ಬಾವಿ, ಕೆರೆಗಳ ನೀರು ತಳ ಕಂಡಿತ್ತು. ಡ್ರಮ್ಮಿಗೆ 200 ಲೀಟರ್ ನೀರು ಎಲ್ಲಿಂದ ತರುವುದು? "ನಾಲ್ಕು ದಿನ ಮುಂದೆ ಹಾಕಿ, ಒಂದು ಮಳೆ ಬರಲಿ" ಎಂದು ತೋಟದವರು ಫೋನು ಮಾಡತೊಡಗಿದರು. ಆ್ಯಪಿನಲ್ಲಿ ಮುಂದೆ ಹಾಕುವ ದಾರಿ ಇರಲಿಲ್ಲ, ಇದ್ದದ್ದು "ರದ್ದು" ಎಂಬ ಒಂದು ಗುಂಡಿ ಮಾತ್ರ. ಅದನ್ನು ಒತ್ತಿದರೆ ಮುಂಗಡ ವಾಪಸು ಹೋಗುತ್ತಿತ್ತು, ಅವರ ಜಾಗ ಬೇರೆಯವರಿಗೆ ತೆರೆದುಕೊಳ್ಳುತ್ತಿತ್ತು, ಆನ್‌ಲೈನ್ ಹಣ ಪಾವತಿಯ ಪೇಮೆಂಟ್ ಗೇಟ್‌ವೇಯ ಶುಲ್ಕ ಮಾತ್ರ ನನ್ನ ಕೈಯಿಂದ ಹೋದದ್ದು ಹೋದಂತೆಯೇ. ಒಂಬತ್ತು ದಿನಗಳಲ್ಲಿ 61 ಬುಕಿಂಗ್ ರದ್ದಾದವು. ಜುಲೈ ಮೊದಲ ವಾರ ಮಳೆ ಒಮ್ಮೆಲೇ ಜೋರಾಗಿ ಹಿಡಿದಾಗ ಅವರೆಲ್ಲರೂ ಅದೇ ಮೂರು ದಿನಗಳಿಗೆ ಮತ್ತೆ ಬುಕ್ ಮಾಡಿದರು. ಮೇ ತಿಂಗಳಲ್ಲೇ ಹೆಸರು ಬರೆಸಿದವರು ಹಿಂದೆ ಬಿದ್ದು, ಬೆರಳು ಚುರುಕಾಗಿದ್ದವರು ಮುಂದೆ ಬಂದರು.

ಆ್ಯಪಿಗೆ ರಸ್ತೆಯ ತಿಳಿವಳಿಕೆಯೂ ಇರಲಿಲ್ಲ. ಒಂದೇ ತಂಡಕ್ಕೆ ಬೆಳಿಗ್ಗೆ ಆಗುಂಬೆ ರಸ್ತೆಯ ಗುಡ್ಡೇಕೇರಿ ಕಡೆಯ ತೋಟ, ಮಧ್ಯಾಹ್ನ ಅದಕ್ಕೆ ಪೂರ್ತಿ ವಿರುದ್ಧ ದಿಕ್ಕಿನ ಕೋಣಂದೂರು ಕಡೆಯ ತೋಟ ಕೊಟ್ಟಿತು. ಮೇಸ್ತ್ರಿ ಆ ಸಂಜೆ ಅಂಗಡಿಗೆ ಬಂದು, "ಅಕ್ಕಾ, ಈ ಫೋನು ಹೇಳಿದ ಹಾಗೆ ತಿರುಗಿದ್ರೆ ಡೀಸೆಲ್ ಸುಡೋದೇ ಆಗುತ್ತೆ, ಔಷಧಿ ಹೊಡೆಯೋದು ಯಾವಾಗ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಮರುದಿನ ಬೆಳಿಗ್ಗೆ ಕೋಣಂದೂರು ಕಡೆಯ ಆ ತೋಟದವರು ಬಂದರು. ತಂಡ ಬರುತ್ತದೆಂದು ನಂಬಿ ಅವರು ಎರಡು ಡ್ರಮ್ ದ್ರಾವಣ ಕಲಸಿಟ್ಟು ಕತ್ತಲಾಗುವವರೆಗೆ ಕಾದಿದ್ದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಉಗುರುಗಳ ಸಂದಿಯಲ್ಲಿ ಇನ್ನೂ ತುತ್ತದ ನೀಲಿ ಇತ್ತು, "ಹಾಳಾಯ್ತಲ್ಲ ತಂಗಿ" ಎಂದಷ್ಟೇ ಹೇಳಿದರು. ಸಾಮಗ್ರಿಯ ಹಣ ಹಿಂದಿರುಗಿಸಿದೆ. ಆದರೆ ಆ ನಾಲ್ಕು ದಿನ ಹೊಡೆತದ ಮಳೆಯಲ್ಲಿ ಔಷಧಿಯಿಲ್ಲದೆ ನಿಂತ ಅವರ ಕೊನೆಗಳಿಗೆ ನಾನು ಕೊಡಬಹುದಾದದ್ದು ಏನೂ ಇರಲಿಲ್ಲ.

ಬೀಗದ ಕೈ ಯಾರ ಬಳಿ

ತಾರೀಖಿನ ಬದಲು ಸರದಿ ಇರುವಂತೆ ಆ್ಯಪನ್ನು ತಿದ್ದಿಕೊಡಿ ಎಂದು ಕೇಳಿದಾಗ ಕಂಪನಿಯವರು ಹೆಚ್ಚಿನ ಹಣವನ್ನೂ ಆರು ವಾರ ಸಮಯವನ್ನೂ ಕೇಳಿದರು. ಹಾಗಾದರೆ ಕೋಡ್ ಕೊಡಿ, ಬೇರೆಯವರಿಂದ ಮಾಡಿಸಿಕೊಳ್ಳುತ್ತೇನೆ ಎಂದೆ. ಕೋಡ್ ತಮ್ಮದೆಂದು ಉತ್ತರ ಬಂತು. ವಿಚಾರಿಸುತ್ತಾ ಹೋದಂತೆ ವೆಬ್‌ಸೈಟಿನ ಡೊಮೇನ್ (ವೆಬ್ ವಿಳಾಸ) ಅವರ ಹೆಸರಿನಲ್ಲಿ, ಪ್ಲೇ ಸ್ಟೋರ್ ಖಾತೆ ಅವರದು, ನಮ್ಮ ತೋಟದವರ ಹೆಸರು, ನಂಬರುಗಳಿದ್ದ ಡೇಟಾಬೇಸ್ ಅವರ ಸರ್ವರಿನಲ್ಲಿ ಎಂಬುದು ತಿಳಿಯಿತು. ಮನೆ ಕಟ್ಟಲು ಮೇಸ್ತ್ರಿಗೆ ಹಣ ಕೊಟ್ಟಿದ್ದೆ, ಆದರೆ ಜಾಗದ ಪಹಣಿಯೂ ಬಾಗಿಲ ಬೀಗದ ಕೈಯೂ ಮೇಸ್ತ್ರಿಯ ಜೇಬಿನಲ್ಲೇ ಉಳಿದಿದ್ದವು.

ಶಿವಮೊಗ್ಗದ ಒಬ್ಬ ವಕೀಲರ ಬಳಿ ಹೋದೆ. ಅವರು ಕೃತಿಸ್ವಾಮ್ಯ ಕಾಯ್ದೆ, 1957ನ್ನು ತೆಗೆದು ಓದಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹಣ ಕೊಟ್ಟ ಮಾತ್ರಕ್ಕೆ ಕೋಡ್ ನಮ್ಮದಾಗುತ್ತದೆ ಎಂದು ನನ್ನಂತೆ ನಂಬಿದವರು ಬಹಳ ಜನ ಇದ್ದಾರೆ. ಕಂಪ್ಯೂಟರ್ ಪ್ರೋಗ್ರಾಂ ಈ ಕಾಯ್ದೆಯಡಿ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. 17ನೆಯ ಸೆಕ್ಷನ್ನಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ; ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕನಿಗೆ ಸೇರುತ್ತದೆ, ಆದರೆ ಹೊರಗಿನ ಗುತ್ತಿಗೆದಾರರು ಬರೆದದ್ದಕ್ಕೆ ಆ ವಿನಾಯಿತಿ ಇಲ್ಲ. ಅದನ್ನು ನಮ್ಮದಾಗಿಸಿಕೊಳ್ಳಬೇಕಾದರೆ 19ನೆಯ ಸೆಕ್ಷನ್ನಿನಂತೆ ಬರವಣಿಗೆಯಲ್ಲಿ, ಕೊಡುವವರ ಸಹಿಯೊಡನೆ ಹಕ್ಕಿನ ವರ್ಗಾವಣೆ ಆಗಬೇಕು. ಅದರಲ್ಲೂ ಅವಧಿಯನ್ನು ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ, ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಕಾಯ್ದೆ ಭಾವಿಸಿಕೊಳ್ಳುತ್ತದೆ. ನನ್ನ ಬಳಿ ಇದ್ದದ್ದು ಎರಡು ಪುಟದ ಕೊಟೇಶನ್. ಅದರಲ್ಲಿ ಈ ಯಾವ ಮಾತೂ ಇರಲಿಲ್ಲ.

ಎರಡು ವಾರ ಕೇಳಿದ ಮೇಲೆ ಗ್ರಾಹಕರ ಪಟ್ಟಿಯನ್ನು ಒಂದು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿ) ಕಳಿಸಿದರು. ತೆರೆದು ನೋಡಿದರೆ ಫೋನ್ ನಂಬರಿನ ಕಾಲಂ ಉದ್ದಕ್ಕೂ 9.19ಇ+11 ಎಂದು ಒಂದೇ ಬಗೆಯ ಅಂಕಿ. 91 ಸೇರಿಸಿ ಬರೆದ ಹನ್ನೆರಡು ಅಂಕಿಯ ನಂಬರನ್ನು ಎಕ್ಸೆಲ್ ದೊಡ್ಡ ಸಂಖ್ಯೆಯೆಂದು ತಿಳಿದು ಹೀಗೆ ಮೊಟಕುಗೊಳಿಸಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಅದನ್ನು ಸಿಎಸ್‌ವಿಯಾಗಿ ಉಳಿಸಿದರೆ ತೋರಿದಷ್ಟೇ ಉಳಿಯುತ್ತದೆ, ಹಿಂದಿನ ಅಂಕಿಗಳು ಹೋದವು ಹೋದಂತೆಯೇ. ಕಾಲಂ ಅನ್ನು ಮೊದಲೇ "ಪಠ್ಯ" ಎಂದು ಗುರುತಿಸಿದ್ದರೆ ಇದು ಆಗುತ್ತಿರಲಿಲ್ಲ. ಪುಣ್ಯಕ್ಕೆ ಉದ್ದ ಪುಸ್ತಕವನ್ನು ಎಸೆದಿರಲಿಲ್ಲ, ಅಂಗಡಿಯ ಫೋನಿನಲ್ಲಿ ಕರೆಗಳ ಪಟ್ಟಿಯೂ ಇತ್ತು. ನಾನು ಮತ್ತು ನನ್ನ ತಂಗಿ ಮೂರು ರಾತ್ರಿ ಕೂತು, ಒಬ್ಬರು ಓದಿ ಒಬ್ಬರು ಟೈಪ್ ಮಾಡಿ, 340 ನಂಬರುಗಳನ್ನು ಮತ್ತೆ ಬರೆದೆವು. ಕಂಪನಿಯೊಡನೆ ಜಗಳಕ್ಕೆ ಹೋಗಲಿಲ್ಲ. ಹಂಗಾಮು ಮುಗಿಯುತ್ತಾ ಬಂದಿತ್ತು, ಆ ಕೋಡ್ ಸಿಕ್ಕಿದ್ದರೂ ಟ್ಯಾಕ್ಸಿಯ ತರ್ಕದ ಮೇಲೆ ನಿಂತ ಕೋಡ್ ನನಗೆ ಬೇಕಿರಲಿಲ್ಲ.

ಚೀಟಿಗಳಿಂದ ಶುರು, 2024

ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷ ಓದುತ್ತಿದ್ದ, ನಮ್ಮದೇ ತಾಲ್ಲೂಕಿನ ತೋಟದ ಮನೆಯ ಹುಡುಗನೊಬ್ಬ ಸಿಕ್ಕಿದ. ಈ ಸಲ ಹಣದ ಮಾತಿಗೆ ಮುಂಚೆ ಒಪ್ಪಂದ ಬರೆಸಿದೆ: ಬರೆಯುವ ಕೋಡಿನ ಹಕ್ಕು ಪ್ರಪಂಚದಾದ್ಯಂತ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ನಮ್ಮ ಅಂಗಡಿಗೆ ಸೇರುತ್ತದೆ, ಅವನು ತನ್ನ ಕೆಲಸದ ಮಾದರಿಯಾಗಿ ಅದನ್ನು ಬೇರೆಯವರಿಗೆ ತೋರಿಸಬಹುದು. ಡೊಮೇನನ್ನು ನನ್ನ ಮಿಂಚಂಚೆಯಿಂದ ನಾನೇ ಕೊಂಡೆ. ಕೋಡನ್ನೂ ಅದರ ಬದಲಾವಣೆಗಳನ್ನೂ ಉಳಿಸಿಡುವ ಗಿಟ್‌ಹಬ್ ಎಂಬ ತಾಣದಲ್ಲಿ ಖಾತೆಯನ್ನು ನಾನೇ ತೆರೆದು ಅವನನ್ನು ಅದಕ್ಕೆ ಸೇರಿಸಿದೆ. ಅಲ್ಲಿ ಏನು ಬರೆದಿದೆಯೆಂದು ನನಗೆ ಓದಲು ಬಾರದಿದ್ದರೂ ಅವನು ಯಾವ ದಿನ ಏನನ್ನು ಬದಲಿಸಿದನೆಂಬ ಟಿಪ್ಪಣಿ ಕಾಣುತ್ತದೆ, ಆ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಬೇಕೆಂದು ಕೇಳಿಕೊಂಡೆ. ಖಾತೆಗಳ ತುರ್ತು ಸಂಕೇತಗಳನ್ನು ಮುದ್ರಿಸಿ ಅಂಗಡಿಯ ಗಾಡ್ರೇಜಿನಲ್ಲಿ, ತೋಟದ ಪತ್ರಗಳ ಜೊತೆಗೆ ಇಟ್ಟಿದ್ದೇನೆ.

ಅವನಿಗೆ ಮೊದಲ ದಿನ ಕೊಟ್ಟದ್ದು ಉದ್ದ ಪುಸ್ತಕ. ಗೀಚಿದ ತಾರೀಖುಗಳನ್ನು ಅವನು ಒಂದೊಂದಾಗಿ ತೋರಿಸಿ ಇದು ಏಕೆ ಬದಲಾಯಿತು ಎಂದು ಕೇಳುತ್ತಾ ಹೋದ, ನೆನಪಿದ್ದಷ್ಟನ್ನು ಹೇಳಿದೆ: ಮಳೆ, ನೀರಿಲ್ಲ, ಹಿಂದಿನ ತೋಟ ಮುಗಿಯಲಿಲ್ಲ, ಊರಿನಲ್ಲಿ ತೇರು, ಪಂಪು ಕೆಟ್ಟಿತು, ಮತ್ತೆ ಮಳೆ. ನಮ್ಮ ಕೆಲಸದಲ್ಲಿ ತಾರೀಖು ಎಂಬುದು ಹಿಂದಿನ ಸಂಜೆಯವರೆಗೆ ಹುಟ್ಟುವುದೇ ಇಲ್ಲ ಎಂಬುದು ಅಲ್ಲಿ ಇಬ್ಬರಿಗೂ ಸ್ಪಷ್ಟವಾಯಿತು. ತೋಟದವರಿಗೆ ಬೇಕಾಗಿರುವುದು ತಮ್ಮ ಮುಂದೆ ಎಷ್ಟು ಮನೆ ಇದೆ ಎಂಬ ಭರವಸೆ. ನೀರಿಲ್ಲವೆಂದೋ ಮಳೆಯೆಂದೋ ನಾಲ್ಕು ದಿನ ನಿಂತರೂ ಆ ಜಾಗ ಕೈತಪ್ಪಬಾರದು, ಅಷ್ಟೇ.

ಕೋಡ್ ಬರೆಯುವ ಮೊದಲು ಎರಡು ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಗೆರೆ ಎಳೆದೆವು: ಆಗುಂಬೆ ರಸ್ತೆ, ಕೊಪ್ಪ ರಸ್ತೆ, ಕೋಣಂದೂರು ರಸ್ತೆ, ಮಂಡಗದ್ದೆ ಕಡೆ. ಹಿಂದಿನ ವರ್ಷದ ಒಂದೊಂದು ಬುಕಿಂಗಿಗೂ ಒಂದೊಂದು ರಟ್ಟಿನ ಚೀಟಿ. ಇಬ್ಬರು ಮೇಸ್ತ್ರಿಗಳನ್ನು ಕರೆಸಿ, ನಾನು ಹಳೆಯ ಪುಸ್ತಕದಿಂದ "ಈ ದಿನ ಮಳೆ, ಈ ಮನೆಯಲ್ಲಿ ನೀರಿಲ್ಲ" ಎಂದು ಓದುತ್ತಾ ಹೋದಂತೆ ಅವರು ಚೀಟಿಗಳನ್ನು ಸರಿಸಿದರು, ಹುಡುಗ ಪಕ್ಕದಲ್ಲಿ ಕೂತು ಅವರು ಯಾವ ಕಾರಣಕ್ಕೆ ಯಾವುದನ್ನು ಸರಿಸಿದರೆಂದು ಬರೆದುಕೊಂಡ. ಅಲ್ಲಿಂದಲೇ ಐದು ಸ್ಥಿತಿಗಳು ಹುಟ್ಟಿದವು: ಬಂದಿದೆ, ಸರದಿಯಲ್ಲಿದೆ, ನಿಂತಿದೆ, ನಾಳೆ, ಮುಗಿದಿದೆ. ನಾನೊಬ್ಬಳೇ ಕೂತಿದ್ದರೆ "ನಿಂತಿದೆ" ಎಂಬ ಸ್ಥಿತಿ ನನಗೆ ಹೊಳೆಯುತ್ತಿರಲಿಲ್ಲ. ಒಬ್ಬ ಮೇಸ್ತ್ರಿ ಚೀಟಿಯನ್ನು ಸಾಲಿನಿಂದ ತೆಗೆಯದೆ ಅದರ ಜಾಗದಲ್ಲೇ ಅಡ್ಡ ತಿರುಗಿಸಿಟ್ಟು, ನೀರು ಬಂದ ಸುದ್ದಿ ಓದಿದಾಗ ನೆಟ್ಟಗೆ ಮಾಡಿದರು. ಇಡೀ ವ್ಯವಸ್ಥೆಯ ನಡುಗಂಬ ಅದೇ ಆಯಿತು.

ತೋಟದವರಿಗೆ ಆ್ಯಪ್ ಬೇಕೇ ಎಂಬ ಪ್ರಶ್ನೆಯೂ ಆ ದಿನಗಳಲ್ಲೇ ಬಗೆಹರಿಯಿತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಸ್ಟೋರ್ ಖಾತೆಯಿಂದ ಆ್ಯಪ್ ಬಿಡುಗಡೆ ಮಾಡಬೇಕಾದರೆ 20 ಮಂದಿ ಸತತ 14 ದಿನ ಅದನ್ನು ಪರೀಕ್ಷಿಸಬೇಕೆಂಬ ನಿಯಮ ಆಗ ಬಂದಿತ್ತು (ಮುಂದೆ ಅದನ್ನು 12ಕ್ಕೆ ಇಳಿಸಿದರು). ಇಪ್ಪತ್ತು ಜನರ ಪಟ್ಟಿ ಮಾಡಲು ಕೂತಾಗ, ಹಿಂದಿನ ವರ್ಷ ಆ್ಯಪ್ ಇದ್ದರೂ ಹೆಚ್ಚಿನವರು ಅಂಗಡಿಗೆ ಫೋನು ಮಾಡಿ "ನೀವೇ ಹಾಕಿಬಿಡಿ" ಎಂದವರೇ ಎಂಬುದು ನೆನಪಾಯಿತು. ತೋಟದವರ ಕಡೆಗೆ ಫೋನು ಮತ್ತು ವಾಟ್ಸ್‌ಆ್ಯಪ್ ಸಾಕೆಂದು ನಿರ್ಧರಿಸಿದೆವು. ಮೂಲ ಪಟ್ಟಿಯನ್ನು ಗೂಗಲ್ ಶೀಟ್ಸ್‌ನಲ್ಲಿಟ್ಟು, ಮೇಸ್ತ್ರಿಗಳಿಗಾಗಿ ಮಾತ್ರ ಆ್ಯಪ್‌ಶೀಟ್ ಎಂಬ ಸಾಧನದಲ್ಲಿ ಒಂದು ಪುಟ್ಟ ಆ್ಯಪ್ ಮಾಡಿದೆವು. ಕೋಡ್ ಇಲ್ಲದೆ ಕಟ್ಟಬಹುದಾದ ಅದರ ಪರದೆಗಳನ್ನು ನಾನೇ ಜೋಡಿಸಿದೆ. ಸರದಿಯನ್ನು ಮರುಜೋಡಿಸುವ ಲೆಕ್ಕಾಚಾರ ಹುಡುಗನದು. ಆ್ಯಪ್‌ಶೀಟನ್ನು ಆರಿಸಲು ಮುಖ್ಯ ಕಾರಣ ನಮ್ಮ ಕಾಡಿನ ನೆಟ್‌ವರ್ಕ್. ಮೇಗರವಳ್ಳಿಯಿಂದ ಆಚೆ ಅನೇಕ ತೋಟಗಳಲ್ಲಿ ಸಿಗ್ನಲ್ ಇಲ್ಲ. ಬೆಳಿಗ್ಗೆ ಪೇಟೆಯಲ್ಲಿ ತುಂಬಿಕೊಂಡ ಪಟ್ಟಿ ಫೋನಿನೊಳಗೇ ಉಳಿದು, ಅಲ್ಲಿ ಗುರುತು ಹಾಕಿದ್ದು ಸಂಜೆ ಸಿಗ್ನಲ್ ಸಿಕ್ಕ ಕೂಡಲೇ ಮೇಲೇರುತ್ತದೆ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಡವಾದ್ದರಿಂದ ಪಿಕಪ್ ನಿಲ್ಲುವ ಜಾಗವನ್ನು ಮೊದಲ ಭೇಟಿಯಲ್ಲಿ ಮೇಸ್ತ್ರಿಯೇ ಗುರುತಿಸಿಬಿಡುತ್ತಾರೆ.

ಅಕ್ಷರಗಳ ತೊಂದರೆ ಎರಡು ಬಗೆಯಲ್ಲಿ ಕಾಡಿತು. ಪರಿಚಿತರೊಬ್ಬರು ಕೊಟ್ಟ ತಂಡಗಳ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಯಿತು. ಎರಡನೆಯದು ಎಸ್‌ಎಂಎಸ್. ಕೀಪ್ಯಾಡ್ ಫೋನಿನವರಿಗೆ ಹಿಂದಿನ ಸಂಜೆ ಸಂದೇಶ ಹೋಗಬೇಕು. ಅದಕ್ಕಾಗಿ ಟೆಲಿಕಾಂ ನಿಯಮದಂತೆ ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್‌ಎಂಎಸ್ ಕಳಿಸುವವರ ನೋಂದಣಿ ವ್ಯವಸ್ಥೆ) ನೋಂದಾಯಿಸಿ, ಸಂದೇಶದ ಮಾದರಿಗೆ ಒಪ್ಪಿಗೆ ಪಡೆಯಬೇಕು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಮಾತ್ರ, ಅದೂ ನಾವು ಎಣಿಸುವ ಅಕ್ಷರವಲ್ಲ: "ಸ್ತ್ರೀ" ಎಂಬ ಒಂದೇ ಅಕ್ಷರ ಯಂತ್ರಕ್ಕೆ ಆರು ಚಿಹ್ನೆ. ನಾನು ಮೊದಲು ಬರೆದ ವಿನಯದ ಸಂದೇಶ ಮೂರು ತುಂಡಾಗಿ ಮೂರು ಪಟ್ಟು ಖರ್ಚು ತಂದಿತು. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು: "ನಾಳೆ 8ಕ್ಕೆ ಔಷಧಿ ತಂಡ ಬರುತ್ತದೆ. ನೀರು ತುಂಬಿಸಿಡಿ." ಒಟ್ಟು 45 ಚಿಹ್ನೆ. ಬೆಳಿಗ್ಗೆ ತಂಡ ಪಿಕಪ್ ಹತ್ತಿದ ಮೇಲೆ ಅಂಗಡಿಯಿಂದ ಒಂದು ಫೋನು ಹೋಗುತ್ತದೆ. ಅದು ಬರುವವರೆಗೆ ತುತ್ತ, ಸುಣ್ಣಗಳನ್ನು ಕೂಡಿಸಬೇಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇವೆ. ಈ ಫೋನನ್ನು ಯಂತ್ರಕ್ಕೆ ವಹಿಸಬಹುದೆಂದು ಹುಡುಗ ಹೇಳಿದ, ನಾನು ಒಪ್ಪಲಿಲ್ಲ. ಎರಡು ಡ್ರಮ್ ಚೆಲ್ಲಿದ ಆ ಮನೆಯವರ ಮುಖ ನೋಡಿದವಳು ನಾನು.

ಆದಾಯದ ದಾರಿಯನ್ನೂ ಆ ವರ್ಷವೇ ತಿದ್ದಿದೆ. ಮೊದಲು ತಂಡದವರಿಂದ ಡ್ರಮ್ಮಿಗೆ 30 ರೂಪಾಯಿ ಕಮಿಷನ್ ಹಿಡಿಯುತ್ತಿದ್ದೆ. ಒಮ್ಮೆ ಪರಿಚಯವಾದ ಮೇಲೆ ತೋಟದವರೂ ತಂಡದವರೂ ನೇರವಾಗಿ ಮಾತಾಡಿಕೊಂಡರೆ ಆ 30 ರೂಪಾಯಿ ಇಬ್ಬರಿಗೂ ಉಳಿಯುತ್ತದೆ. ಹಾಗೆಯೇ ಆಯಿತು, ಅದು ಸಹಜವೂ ಹೌದು. ಮಧ್ಯದಲ್ಲಿ ನಿಂತು ಇಬ್ಬರನ್ನು ಸೇರಿಸುವ ಯಾವ ಉದ್ಯಮಕ್ಕೂ ಈ ಸೋರಿಕೆ ತಪ್ಪಿದ್ದಲ್ಲ, ಅದನ್ನು ಕರಾರಿನಿಂದ ತಡೆಯಲು ಹೋದರೆ ಸಂಬಂಧ ಕೆಡುತ್ತದೆ. ಕಮಿಷನ್ ತೆಗೆದುಹಾಕಿ, ಡ್ರಮ್ ಲೆಕ್ಕಕ್ಕೆ ತೂಗಿ ಕಟ್ಟಿದ ತುತ್ತ, ಸುಣ್ಣ, ರಾಳದ ಚೀಲವನ್ನು ತಂಡದ ಪಿಕಪ್ಪಿನಲ್ಲೇ ತೋಟಕ್ಕೆ ತಲುಪಿಸುವ ಏರ್ಪಾಡು ಮಾಡಿದೆ. ನಮ್ಮ ಲಾಭ ಈಗ ಆ ಚೀಲದಲ್ಲಿದೆ. ನೇರವಾಗಿ ಮಾತಾಡಿಕೊಂಡವರೂ ಸರದಿಗಾಗಿ ಅಲ್ಲದಿದ್ದರೂ ಚೀಲಕ್ಕಾಗಿ ಫೋನು ಮಾಡುತ್ತಾರೆ, ಅವರ ಡ್ರಮ್ ಲೆಕ್ಕ ನಮ್ಮ ಪಟ್ಟಿಗೆ ಬರುತ್ತದೆ.

2025ರ ಮೇ

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಮೇ ಕೊನೆಯ ವಾರ ನಮ್ಮಲ್ಲಿ ಜೂನ್ ನಡುವಿನ ಮಳೆ ಸುರಿಯಿತು. ಆ ಹೊತ್ತಿಗೆ ಸರದಿಯಲ್ಲಿದ್ದ ಮನೆಗಳಲ್ಲಿ ಕಾಲು ಭಾಗವೂ ಮುಗಿದಿರಲಿಲ್ಲ. ಹಳೆಯ ಆ್ಯಪ್ ಇದ್ದಿದ್ದರೆ ಮತ್ತೆ ಅರವತ್ತು ರದ್ದುಗಳಾಗುತ್ತಿದ್ದವು. ಈ ಸಲ ಸರದಿ ಅಲುಗಲಿಲ್ಲ, ಆದರೆ ಬೇರೊಂದು ದೋಷ ಹೊರಬಿತ್ತು. "ನಿಂತಿದೆ" ಎಂಬುದನ್ನು ಮನೆ ಮನೆಗೆ ಗುರುತು ಹಾಕಬೇಕಿತ್ತು. ಆಗುಂಬೆ ರಸ್ತೆಯುದ್ದಕ್ಕೂ ಮಳೆ ಹಿಡಿದು ಮಂಡಗದ್ದೆ ಕಡೆ ಮಧ್ಯಾಹ್ನದವರೆಗೆ ಬಿಡುವು ಇದ್ದ ದಿನ, ಒಂದು ರಸ್ತೆಯ ನಲವತ್ತಕ್ಕೂ ಹೆಚ್ಚು ಮನೆಗಳನ್ನು ಒಂದೊಂದಾಗಿ ನಿಲ್ಲಿಸುವಷ್ಟರಲ್ಲಿ ಬಿಡುವೇ ಮುಗಿದುಹೋಯಿತು. ಆ ರಾತ್ರಿಯೇ ಹುಡುಗ ರಸ್ತೆಗೆ ಒಂದರಂತೆ ನಾಲ್ಕು ತಡೆಗುಂಡಿಗಳನ್ನು ಸೇರಿಸಿದ. ಈಗ ಆಗುಂಬೆ ರಸ್ತೆಯನ್ನು ಒಂದೇ ಒತ್ತಿಗೆ ನಿಲ್ಲಿಸಿ ಆ ತಂಡವನ್ನು ಮಂಡಗದ್ದೆಗೆ ಕಳಿಸಬಹುದು, ತೆರೆದಾಗ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇರುತ್ತಾರೆ.

ಎರಡನೆಯ ಸಿಂಪಡಣೆಯ ನೆನಪೋಲೆಯನ್ನು ಬುಕಿಂಗ್ ಆದ ದಿನದಿಂದ ಎಣಿಸದೆ, ಮೇಸ್ತ್ರಿ "ಮುಗಿದಿದೆ" ಎಂದು ಒತ್ತಿದ ದಿನದಿಂದ 40 ದಿನಕ್ಕೆ ಹೋಗುವಂತೆ ಮಾಡಿದ್ದೇವೆ. ಇದಕ್ಕೆ ಆ ಗುರುತು ಸರಿಯಾಗಿ ಬೀಳಬೇಕು, ಮಳೆಯಲ್ಲಿ ನೆಂದ ಕೈ ಪರದೆಗೆ ಹಿಡಿಯುವುದಿಲ್ಲ, ಸಂಜೆ ಮನೆಗೆ ಹೋದ ಮೇಲೆ ಮರೆತುಹೋಗುತ್ತದೆ. ಹಾಗಾಗಿ ರಾತ್ರಿ ಏಳೂವರೆಗೆ ಗುರುತು ಬೀಳದ ಮನೆಗಳ ಪಟ್ಟಿಯೊಂದು ನನ್ನ ಫೋನಿಗೆ ಬರುತ್ತದೆ, ನಾನು ಮೇಸ್ತ್ರಿಗಳಿಗೆ ಫೋನು ಮಾಡಿ ತುಂಬಿಸುತ್ತೇನೆ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ.

ಸದ್ಯ ಕೈಯಲ್ಲಿರುವ ರಿಪೇರಿ ಒಂದು. ಇಳಿಜಾರಿನ ತೋಟಗಳಿಗೆ 200 ಲೀಟರಿನ ಡ್ರಮ್ ಇಳಿಸಲಾಗದೆ ತಂಡದವರು 100 ಲೀಟರಿನ ಬ್ಯಾರಲ್ ಒಯ್ಯುತ್ತಾರೆ, ನಮ್ಮ ಕಾಲಂ ಮಾತ್ರ ಪೂರ್ಣ ಸಂಖ್ಯೆಯನ್ನಷ್ಟೇ ಒಪ್ಪುತ್ತಿತ್ತು; ಎರಡೂವರೆ ಎಂದವರಿಗೆ ಮೂರರ ಚೀಲ ಹೋಗಿ ತುತ್ತ ಮಿಗುತ್ತಿತ್ತು. ಹೋದ ಭಾನುವಾರ ಅದನ್ನು ಅರ್ಧಕ್ಕೆ ತೆರೆದು ಪರೀಕ್ಷಿಸಿದೆವು. ಎರಡೂವರೆ ಎಂದು ನಮೂದಿಸಿದಾಗ ಚೀಲದ ಚೀಟಿಯಲ್ಲಿ ಮೈಲುತುತ್ತು 5 ಕೆ.ಜಿ., ಸುಣ್ಣ 5 ಕೆ.ಜಿ. ಎಂದು ಬಂತು. ಮೇಸ್ತ್ರಿ ಅದನ್ನು ನೋಡಿ, ಹಾಗೆಯೇ "ಪಿಕಪ್ ನಿಲ್ಲುವ ಜಾಗ"ದ ಪಕ್ಕ ಡ್ರಮ್ಮೋ ಬ್ಯಾರಲ್ಲೋ ಎಂಬುದನ್ನೂ ಬರೆಯುವಂತಿರಲಿ, ಬೆಳಿಗ್ಗೆ ಯಾವುದನ್ನು ಪಿಕಪ್ಪಿಗೆ ಹಾಕಬೇಕೆಂದು ತಿಳಿಯುತ್ತದೆ ಎಂದರು. ಅದನ್ನು ಉದ್ದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ.